ಹಳೆಯ ವಿಜ್ಞಾನಗ್ರಂಥಗಳ ಮುಖಚಿತ್ರಗಳು: ಅರ್ಥ ಮತ್ತು ಅಪಾರ್ಥ

ಕ್ರಿ.ಶ. 1632ರ ಬೇಸಿಗೆಯಲ್ಲಿ ರೋಮ್ ನಗರದ ಧರ್ಮಾಧಿಕಾರಿಯೊಬ್ಬನಿಗೆ ಮೂರು ಮೀನುಗಳ ಚಿಂತೆ ಹತ್ತಿತು. ನಿಕೋಲೊ ರಿಕಾರ್ಡಿ ಎಂಬ ಈ ಪಾದ್ರಿಯು ಪೋಪರ ಅರಮನೆಯಲ್ಲಿದ್ದು, ಗ್ರಂಥಗಳನ್ನು ಪರಿಶೀಲಿಸಿ ಮುದ್ರಣಕ್ಕೆ ಅನುಮತಿ ನೀಡುವ ಹೊಣೆ ಹೊತ್ತವನು. ಗೆಲಿಲಿಯೋ ರಚಿಸಿದ, ಎರಡು ವಿಶ್ವವ್ಯವಸ್ಥೆಗಳನ್ನು ಕುರಿತ ಸಂವಾದಗ್ರಂಥವು ಅದೇ ವರ್ಷದ ಫೆಬ್ರವರಿಯಲ್ಲಿ ಫ್ಲಾರೆನ್ಸ್ ನಗರದಲ್ಲಿ ಅಚ್ಚಾಗಿ, ಅದರ ಕೆಲವು ಪ್ರತಿಗಳು ರೋಮನ್ನು ತಲುಪಿದ್ದವು. ಪುಸ್ತಕದ ಆರಂಭದಲ್ಲಿ ಒಂದು ಪುಟ್ಟ ಲಾಂಛನವಿತ್ತು: ಒಂದರ ಬಾಲವನ್ನೊಂದು ಕಚ್ಚಿ ಸುತ್ತುವರಿದಿರುವ ಮೂರು ಡಾಲ್ಫಿನ್ ಮೀನುಗಳು. ಈ ಮೂರು ಮೀನುಗಳ ಗೂಢಾರ್ಥವೇನು ಎಂದು ರಿಕಾರ್ಡಿ ಗೆಲಿಲಿಯೋವಿನ ಮಿತ್ರನಾದ ಫಿಲಿಪ್ಪೊ ಮಗಲೊಟ್ಟಿಯನ್ನು ವಿಚಾರಿಸಿದನು. ಆಗಿನ ಪೋಪ್ ಎಂಟನೆಯ ಅರ್ಬನ್ನನು ತನ್ನ ಸಹೋದರನ ಮೂವರು ಮಕ್ಕಳಿಗೆ ಅಧಿಕಾರ ಸಂಪತ್ತುಗಳನ್ನು ಧಾರೆಯೆರೆದಿದ್ದ ಸಂಗತಿ ಊರಿಗೆಲ್ಲ ತಿಳಿದಿತ್ತು. ಮೂರು ಮೀನುಗಳು ಅವರನ್ನೇ ಕುರಿತ ಕುಹಕವಿರಬಹುದೆಂಬ ಗುಸುಗುಸು ಹಬ್ಬಿದ್ದರೆ ಆಶ್ಚರ್ಯವಿಲ್ಲ.

ಮಗಲೊಟ್ಟಿ ನಕ್ಕುಬಿಟ್ಟನು. ಇಂತಹ ಮಕ್ಕಳಾಟದ ಒಗಟಿನಲ್ಲಿ ದೊಡ್ಡ ರಹಸ್ಯಗಳನ್ನು ಅಡಗಿಸುವ ಸ್ವಭಾವ ಗೆಲಿಲಿಯೋವಿನದಲ್ಲ, ಹೇಳಬೇಕಾದುದನ್ನು ಅವನು ಬಾಯಿಬಿಟ್ಟೇ ಹೇಳಿದ್ದಾನೆ, ಇದು ಮುದ್ರಕನ ಗುರುತು ಇರಬೇಕು ಎಂದು ಸಮಾಧಾನ ಹೇಳಿದನು. ಅದು ನಿಜವೂ ಆಗಿತ್ತು. ಫ್ಲಾರೆನ್ಸಿನ ಮುದ್ರಕ ಲಾಂಡಿನಿ ತನ್ನ ಇತರ ಪುಸ್ತಕಗಳಿಗೂ ಅದೇ ಮುದ್ರೆಯನ್ನು ಒತ್ತುತ್ತಿದ್ದನು. ಆದರೆ ಅಧಿಕಾರಿಗೆ ಬಾಯಿಮಾತು ಸಾಲದು. ಅದೇ ಮುದ್ರೆಯುಳ್ಳ ಬೇರೊಂದು ಪುಸ್ತಕವನ್ನು ಸಾಕ್ಷ್ಯವಾಗಿ ಕಳುಹಿಸಬೇಕೆಂದು ಮಗಲೊಟ್ಟಿ ಆ ಆಗಸ್ಟ್ ತಿಂಗಳಲ್ಲಿ ಫ್ಲಾರೆನ್ಸಿಗೆ ಪತ್ರ ಬರೆಯಬೇಕಾಯಿತು. ಮೀನುಗಳು ದೋಷಮುಕ್ತವಾದವು. ಗೆಲಿಲಿಯೋ ಆಗಲಿಲ್ಲ. 1633ರ ಜೂನ್ 22ರಂದು ಅರವತ್ತೊಂಬತ್ತು ವರ್ಷದ ಆ ವೃದ್ಧನು ಮೊಣಕಾಲೂರಿ, ಭೂಮಿಯು ಚಲಿಸುತ್ತದೆಂಬ ಅಭಿಪ್ರಾಯವನ್ನು ತ್ಯಜಿಸಿದೆನೆಂದು ಓದಿ ಹೇಳಬೇಕಾಯಿತು. ಮುಂದೆ 1642ರಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲಿಯೇ ಉಳಿದನು.

ಅವನಿಗೆ ಶಿಕ್ಷೆಯಾದದ್ದು ಮೀನುಗಳಿಂದಲ್ಲ, ಗ್ರಂಥದ ವಾದದಿಂದ. ಆದರೂ ಆ ದಿನಗಳ ವಾತಾವರಣವನ್ನು ತಿಳಿಯಲು ಈ ಸಣ್ಣ ಪ್ರಸಂಗವು ಸಹಾಯಕ. ಗ್ರಂಥವನ್ನು ಪರಿಶೀಲಿಸಲು ನೇಮಿಸಿದ ಸಮಿತಿಯು ತನ್ನ ವರದಿಯಲ್ಲಿ, ಮುನ್ನುಡಿಯನ್ನು ಬೇರೆ ಅಚ್ಚುಮೊಳೆಗಳಲ್ಲಿ ಮುದ್ರಿಸಿರುವುದನ್ನೂ ದೋಷವೆಂದು ಎಣಿಸಿತು. ಅಕ್ಷರದ ಆಕಾರ ಬೇರೆಯಾದುದರಿಂದ ಮುನ್ನುಡಿಯ ವಿಧೇಯತೆಗೂ ಗ್ರಂಥದ ಒಡಲಿಗೂ ಸಂಬಂಧವಿಲ್ಲದಂತಾಯಿತೆಂದು ಅವರ ಆಕ್ಷೇಪ. ಸಂಶಯ ಹೊಕ್ಕ ಕಣ್ಣಿಗೆ ಪುಸ್ತಕದಲ್ಲಿ ಅರ್ಥವಿಲ್ಲದ ಗೆರೆಯೇ ಇರುವುದಿಲ್ಲ.

ಹೀಗೆಂದು ಹಳೆಯ ಗ್ರಂಥಗಳ ಚಿತ್ರಗಳಲ್ಲಿ ಗೂಢಾರ್ಥವೇ ಇಲ್ಲವೆಂದು ತಿಳಿದರೆ ಅದೂ ತಪ್ಪಾದೀತು. ಹದಿನಾರು ಹದಿನೇಳನೆಯ ಶತಮಾನಗಳ ಯೂರೋಪಿನಲ್ಲಿ ಮುಖ್ಯವಾದ ವಿಜ್ಞಾನಗ್ರಂಥವೊಂದು ಮುಖಚಿತ್ರವಿಲ್ಲದೆ ಹೊರಬರುವುದೇ ಅಪರೂಪವಾಗಿತ್ತು. ಮರದ ಅಚ್ಚಿನಲ್ಲಿ, ಅನಂತರ ತಾಮ್ರದ ಫಲಕದಲ್ಲಿ ಕೊರೆದ ಈ ಪೂರ್ಣಪುಟದ ಚಿತ್ರಗಳಲ್ಲಿ ದೇವತೆಗಳು, ಕಂಬಗಳು, ಹಡಗುಗಳು, ತಕ್ಕಡಿಗಳು, ರೆಕ್ಕೆಯ ಶಿಶುಗಳು ಕಿಕ್ಕಿರಿದಿರುತ್ತಿದ್ದರು. ಇವುಗಳಿಗೆ ಒಂದು ಭಾಷೆಯಿತ್ತು, ಆ ಭಾಷೆಗೆ ನಿಘಂಟುಗಳೂ ಇದ್ದವು. ಆಲ್ಚಿಯಾತೊ ಎಂಬ ನ್ಯಾಯಶಾಸ್ತ್ರಜ್ಞನು 1531ರಲ್ಲಿ ಹೊರತಂದ ಸಂಕೇತಚಿತ್ರಗಳ ಪುಸ್ತಕವು ಈ ಪದ್ಧತಿಗೆ ನಾಂದಿ ಹಾಡಿತು. ಚೆಸಾರೆ ರೀಪಾ ಎಂಬವನ ‘ಇಕೊನೊಲೊಜಿಯ’ 1593ರಲ್ಲಿ ಪ್ರಕಟವಾಗಿ, 1603ರ ಆವೃತ್ತಿಯಿಂದ ಚಿತ್ರಸಹಿತವಾಗಿ ಬಂದು, ಸತ್ಯ, ನ್ಯಾಯ, ಅಸೂಯೆ, ಲೋಭ ಮೊದಲಾದವುಗಳನ್ನು ಯಾವ ಉಡುಪಿನಲ್ಲಿ, ಕೈಯಲ್ಲಿ ಯಾವ ವಸ್ತುವಿನೊಡನೆ ಚಿತ್ರಿಸಬೇಕೆಂಬುದನ್ನು ಅಕಾರಾದಿಯಾಗಿ ವಿವರಿಸಿತು. ಶಂಖವನ್ನು ಕಂಡೊಡನೆ ನೇಮಿನಾಥ, ಸಿಂಹವನ್ನು ಕಂಡೊಡನೆ ಮಹಾವೀರ ಎಂದು ಲಾಂಛನದಿಂದ ಬಿಂಬವನ್ನು ಗುರುತಿಸುವ ರೂಢಿಯುಳ್ಳವರಿಗೆ ಈ ಕ್ರಮವು ಹೊಸದೆನಿಸದು. ವ್ಯತ್ಯಾಸವಿಷ್ಟೆ: ಯೂರೋಪಿನ ಮುಖಚಿತ್ರದಲ್ಲಿ ಗ್ರಂಥಕರ್ತನ ಅಭಿಮಾನ, ಪೋಷಕನ ಮರ್ಜಿ, ಕೆತ್ತುವವನ ಕೈಚಳಕ, ಮುದ್ರಕನ ವ್ಯಾಪಾರ ಈ ನಾಲ್ಕೂ ಒಂದೇ ಹಾಳೆಯಲ್ಲಿ ಸೇರಿಕೊಂಡಿರುತ್ತವೆ. ಯಾವ ಗೆರೆ ಯಾರದು ಎಂಬುದನ್ನು ಬಿಡಿಸಿಕೊಳ್ಳದೆ ಅರ್ಥ ಹೇಳಹೊರಟವರು ರಿಕಾರ್ಡಿಯ ಹಾದಿಯನ್ನೇ ಹಿಡಿಯುತ್ತಾರೆ.

ಗೆಲಿಲಿಯೋವಿನ ಅದೇ ಗ್ರಂಥಕ್ಕೆ ಸ್ತೆಫಾನೊ ದೆಲ್ಲ ಬೆಲ್ಲ ಎಂಬ ಯುವ ಕಲಾವಿದ ರಚಿಸಿದ ಮುಖಚಿತ್ರವೂ ಒಂದುಂಟು. ಕಡಲದಂಡೆಯ ಮೇಲೆ ಮೂವರು ನಿಂತು ಮಾತನಾಡುತ್ತಿದ್ದಾರೆ: ಕೋಲೂರಿದ ಮುದುಕ ಅರಿಸ್ಟಾಟಲ್, ಮುಂಡಾಸು ತೊಟ್ಟ ಟಾಲೆಮಿ, ಸೂರ್ಯಕೇಂದ್ರದ ಮಾದರಿಯೊಂದನ್ನು ಕೈಯಲ್ಲಿ ಹಿಡಿದ ಕೊಪರ್ನಿಕಸ್. ಕೊಪರ್ನಿಕಸನ ಪ್ರಸಿದ್ಧ ಭಾವಚಿತ್ರಗಳಲ್ಲಿ ಗಡ್ಡವಿಲ್ಲ; ಈ ಚಿತ್ರದಲ್ಲಿ ಗಡ್ಡದ ವೃದ್ಧನಿದ್ದಾನೆ. ಆ ಮುಖ ಗೆಲಿಲಿಯೋವಿನದೇ ಎಂದು ವಾದಿಸುವವರಿದ್ದಾರೆ. ಇರಬಹುದು, ಆದರೆ ಗಡ್ಡವೊಂದರ ಬಲದಿಂದ ಅಷ್ಟು ದೂರ ಹೋಗುವುದು ಕಷ್ಟ. ಕಾಣುವ ಸಂಗತಿಯೇ ಸಾಕಷ್ಟು ಹೇಳುತ್ತದೆ. ಸಾವಿರಾರು ವರ್ಷಗಳ ಅಂತರದಲ್ಲಿ ಬದುಕಿದ್ದ ಮೂವರನ್ನು ಒಂದೇ ದಂಡೆಯ ಮೇಲೆ ನಿಲ್ಲಿಸಿ, ಯಾರನ್ನೂ ಕೆಳಗೆ ಕೆಡವದೆ ಸಮಾನರಾಗಿ ಮಾತನಾಡಲು ಬಿಟ್ಟಿರುವುದು ಆ ಚಿತ್ರದ ಸೌಜನ್ಯ. ಗ್ರಂಥದ ಒಳಗೆ ಈ ಸೌಜನ್ಯ ಅಷ್ಟಾಗಿ ಉಳಿದಿಲ್ಲವೆಂಬುದನ್ನೂ ಒಪ್ಪಬೇಕು. ಅಲ್ಲಿ ಅರಿಸ್ಟಾಟಲನ ಪಕ್ಷ ವಹಿಸುವ ಸಿಂಪ್ಲಿಚಿಯೊ ಪದೇ ಪದೇ ನಗೆಪಾಟಲಾಗುತ್ತಾನೆ. ಪೋಪನಿಗೆ ಪ್ರಿಯವಾದ ವಾದವನ್ನು ಕಡೆಗೆ ಅವನ ಬಾಯಿಂದಲೇ ಹೇಳಿಸಿದ್ದು ದೊಡ್ಡ ಅನರ್ಥಕ್ಕೆ ಕಾರಣವಾಯಿತು.

ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರಲ್ಲಿ ಹೊರತಂದ ಮಹಾಗ್ರಂಥದ ಮುಖಚಿತ್ರ ಇನ್ನೂ ಪ್ರಸಿದ್ಧ. ಎರಡು ಕಂಬಗಳ ನಡುವಿನಿಂದ ಹಡಗೊಂದು ಪಟ ಬಿಚ್ಚಿ ಸಾಗುತ್ತಿದೆ. ಆ ಕಂಬಗಳು ಪ್ರಾಚೀನರು ಲೋಕದ ಎಲ್ಲೆಯೆಂದು ಭಾವಿಸಿದ್ದ ಜಲಸಂಧಿಯ ಗುರುತು. ಹಡಗು ಆ ಎಲ್ಲೆಯನ್ನು ಮೀರುವ ಮಾನವಜ್ಞಾನ. ಪಾಠಪುಸ್ತಕಗಳು ಇಷ್ಟನ್ನು ಹೇಳಿ ನಿಲ್ಲುತ್ತವೆ. ಆದರೆ ಇದೇ ಕಂಬ, ಇದೇ ಹಡಗು 1606ರಲ್ಲಿ ಅಚ್ಚಾದ ಸ್ಪೇನಿನ ನೌಕಾಶಾಸ್ತ್ರದ ಗ್ರಂಥವೊಂದರಲ್ಲಿ ಆಗಲೇ ಇದ್ದವು. ಅಲ್ಲಿ ಅವು ಸಮುದ್ರದಾಚೆಯ ನಾಡುಗಳನ್ನು ವಶಪಡಿಸಿಕೊಂಡ ಸಾಮ್ರಾಜ್ಯದ ಹೆಮ್ಮೆಯ ಚಿಹ್ನೆಗಳು. ಬೇಕನ್ನನ ಹಡಗು ಜ್ಞಾನವನ್ನು ತರಲು ಹೋಯಿತೋ, ಸರಕನ್ನು ತರಲು ಹೋಯಿತೋ? ಎರಡನ್ನೂ ತರಲು ಎಂಬುದೇ ಆ ಕಾಲದ ಉತ್ತರ.

ವೆಸೇಲಿಯಸನ ಶರೀರಶಾಸ್ತ್ರದ ಗ್ರಂಥದ ಚಿತ್ರಗಳು ಇನ್ನೊಂದು ಬಗೆಯ ಪ್ರಶ್ನೆಯನ್ನು ಎಬ್ಬಿಸುತ್ತವೆ. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಈ ಗ್ರಂಥದ ಮರದ ಅಚ್ಚುಗಳನ್ನು ಇಟಲಿಯಲ್ಲಿ ಸಿದ್ಧಪಡಿಸಿ, ಆಲ್ಪ್ಸ್ ಪರ್ವತವನ್ನು ದಾಟಿಸಿ ಮುದ್ರಕ ಒಪೊರಿನಸನಿಗೆ ಕಳುಹಿಸಲಾಯಿತು. ಮುಖಚಿತ್ರದ ನಡುವೆ ಮೇಜಿನ ಮೇಲೆ ಸ್ತ್ರೀಯೊಬ್ಬಳ ಶವ. ಅದರ ಪಕ್ಕದಲ್ಲಿ ಸ್ವತಃ ವೆಸೇಲಿಯಸ್. ಸುತ್ತಲೂ ಮೂರು ಅಂತಸ್ತುಗಳಲ್ಲಿ ನೆರೆದ ಜನಸ್ತೋಮ. ಮಧ್ಯದಲ್ಲಿ ಕೋಲು ಹಿಡಿದು ಕುಳಿತ ಅಸ್ಥಿಪಂಜರ. ಅದುವರೆಗಿನ ಪದ್ಧತಿಯಲ್ಲಿ ಅಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ಗ್ರಂಥವನ್ನು ಓದುತ್ತಿದ್ದನು. ಕತ್ತಿ ಹಿಡಿಯುವ ಕೆಲಸ ಕ್ಷೌರಿಕನದು. ಈ ಚಿತ್ರದಲ್ಲಿ ಅಧ್ಯಾಪಕನೇ ಕೆಳಗಿಳಿದು ಬಂದಿದ್ದಾನೆ. ಕ್ಷೌರಿಕರು ಮೇಜಿನ ಅಡಿಗೆ ಸೇರಿ ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದಾರೆ. ಕೈಯಿಂದ ಮುಟ್ಟಿ ಕಣ್ಣಿನಿಂದ ಕಂಡು ತಿಳಿಯಬೇಕೆಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಚಿತ್ರದ ಒಂದು ಬದಿಯಲ್ಲಿ ಕೋತಿ, ಇನ್ನೊಂದು ಬದಿಯಲ್ಲಿ ನಾಯಿ. ಗ್ರೀಕ್ ವೈದ್ಯ ಗೇಲನನು ಮನುಷ್ಯದೇಹವನ್ನು ಸೀಳಿ ನೋಡದೆ ಪ್ರಾಣಿಗಳನ್ನು ಸೀಳಿ, ಕಂಡದ್ದನ್ನೇ ಮನುಷ್ಯನಿಗೂ ಅನ್ವಯಿಸಿದನೆಂಬ ಟೀಕೆಯ ಸೂಚನೆ ಅದು ಎಂದು ವಿದ್ವಾಂಸರು ಹೇಳುತ್ತಾರೆ. ವೆಸೇಲಿಯಸನ ಬರೆಹದಲ್ಲಿಯೇ ಆ ಟೀಕೆ ಇರುವುದರಿಂದ ಈ ಅರ್ಥಕ್ಕೆ ಆಧಾರವಿದೆ.

ಆದರೆ ಗ್ರಂಥದ ಒಳಗೆ ಅಧ್ಯಾಯಗಳ ಮೊದಲ ಅಕ್ಷರಗಳನ್ನು ಅಲಂಕರಿಸುವ ಪುಟ್ಟ ಚಿತ್ರಗಳ ಕಡೆಗೆ ಓದುಗರ ಗಮನ ಅಷ್ಟಾಗಿ ಹೋಗುವುದಿಲ್ಲ. ಅಲ್ಲಿ ದುಂಡುಮೈಯ ಶಿಶುಗಳು ವೈದ್ಯವಿದ್ಯಾರ್ಥಿಗಳ ಕೆಲಸಗಳನ್ನೆಲ್ಲ ಆಟವಾಗಿ ಆಡುತ್ತಾರೆ. ಎಲುಬುಗಳನ್ನು ಕುದಿಸುತ್ತಾರೆ, ಶವಗಳನ್ನು ಸಾಗಿಸುತ್ತಾರೆ. ಒಂದು ದೊಡ್ಡಕ್ಷರದ ಒಳಗೆ ಹಂದಿಯೊಂದನ್ನು ಹಲಗೆಗೆ ಕಟ್ಟಿ, ಜೀವವಿರುವಾಗಲೇ ಕೊಯ್ಯುತ್ತಿದ್ದಾರೆ. ಗ್ರಂಥದ ಕೊನೆಯ ಅಧ್ಯಾಯದ ವಿಷಯವೂ ಜೀವಂತ ಪ್ರಾಣಿಗಳ ಛೇದನವೇ. ಮಾತಿನಲ್ಲಿ ಹೇಳಿದ್ದರೆ ಓದುಗನು ಮುಖ ತಿರುಗಿಸಬಹುದಾಗಿದ್ದ ಕೃತ್ಯವನ್ನು ಶಿಶುಗಳ ಕೈಗೆ ಕೊಟ್ಟೊಡನೆ ಅದು ಅಲಂಕಾರವಾಯಿತು. ಮಗುವಿನ ಕೈಯಲ್ಲಿ ಕತ್ತಿ, ಮಗುವಿನ ಮುಖದಲ್ಲಿ ನಗೆ. ಹಂದಿಯ ಬಾಯಿಗೆ ಕಲಾವಿದನು ಕೊಡಬಹುದಾಗಿದ್ದ ಕೂಗು ಮಾತ್ರ ಕಾಗದಕ್ಕೆ ಬರಲಿಲ್ಲ. ವೆಸೇಲಿಯಸನ ವಿದ್ಯೆಯಿಂದ ಲೋಕಕ್ಕಾದ ಉಪಕಾರ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಸಂಕೇತವು ಸತ್ಯವನ್ನು ತೋರಿಸುವಂತೆಯೇ ನೋವನ್ನು ಮುಚ್ಚಬಲ್ಲದು ಎಂಬುದಕ್ಕೆ ಈ ಪುಟ್ಟ ಅಕ್ಷರಚಿತ್ರಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಂತಹ ಚಿತ್ರಗಳಲ್ಲಿ ಅರ್ಥಸಂಪತ್ತಿನಿಂದಲೂ ಪ್ರಾಮಾಣಿಕತೆಯಿಂದಲೂ ಅಗ್ರಸ್ಥಾನ ಸಲ್ಲಬೇಕಾದುದು ಕೆಪ್ಲರನ ‘ರುಡಾಲ್ಫೀನ್ ಕೋಷ್ಟಕ’ಗಳ ಮುಖಚಿತ್ರಕ್ಕೆ. 1627ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಸಾವಿರ ಪ್ರತಿಗಳಲ್ಲಿ ಅಚ್ಚಾದ ಈ ಗ್ರಂಥವು ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕುವ ಪಟ್ಟಿಗಳ ಸಂಗ್ರಹ. ಇದರ ಹಿಂದೆ ಒಂದು ಋಣದ ಕಥೆಯಿದೆ. ಡೆನ್ಮಾರ್ಕಿನ ಟೈಕೊ ಬ್ರಾಹೆ ಹ್ವೇನ್ ದ್ವೀಪದಲ್ಲಿ ವೀಕ್ಷಣಾಲಯ ಕಟ್ಟಿ, ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಎರಡು ದಶಕಗಳ ಕಾಲ ಆಕಾಶವನ್ನು ಅಳೆದವನು. ಸೂರ್ಯನು ಭೂಮಿಯನ್ನು ಸುತ್ತುತ್ತಾನೆ, ಉಳಿದ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ ಎಂಬುದು ಅವನ ಮತ. ಕೊನೆಗಾಲದಲ್ಲಿ ಅವನು ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯ ಪಡೆದನು. ಅಲ್ಲಿ ಕೆಪ್ಲರ್ ಅವನ ಸಹಾಯಕನಾದನು. 1601ರ ಅಕ್ಟೋಬರಿನಲ್ಲಿ ಮರಣಶಯ್ಯೆಯಲ್ಲಿದ್ದ ಟೈಕೊ, ತನ್ನ ಬಾಳು ವ್ಯರ್ಥವಾಗದಿರಲೆಂದು ಹಂಬಲಿಸಿ, ಕೋಷ್ಟಕಗಳನ್ನು ಮುಗಿಸುವ ಹೊಣೆಯನ್ನು ಕೆಪ್ಲರನಿಗೆ ಒಪ್ಪಿಸಿದನು. ತನ್ನ ಮತಕ್ಕೆ ಅನುಗುಣವಾಗಿ ಅವು ಸಿದ್ಧವಾಗಲಿ ಎಂಬುದೂ ಅವನ ಬಯಕೆ. ಕೆಪ್ಲರನಾದರೋ ಕೊಪರ್ನಿಕಸನ ಅನುಯಾಯಿ. ಟೈಕೊನ ಅಳತೆಗಳನ್ನೇ ಆಧಾರವಾಗಿಟ್ಟುಕೊಂಡು, ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಚಲಿಸುತ್ತವೆಂದು ಅವನು ಕಂಡುಕೊಂಡನು. ಕೋಷ್ಟಕಗಳ ಲೆಕ್ಕವೂ ಆ ನಿಯಮದ ಮೇಲೆಯೇ ನಿಂತಿತು. ವೀಕ್ಷಣೆಗಳ ಒಡೆತನ ಟೈಕೊನ ವಾರಸುದಾರರದು. ಅವರ ಒಪ್ಪಿಗೆಯಿಲ್ಲದೆ ಒಂದು ಅಂಕಿಯನ್ನೂ ಅಚ್ಚು ಮಾಡುವಂತಿರಲಿಲ್ಲ. ಹಿರಿಯನಿಗೆ ಕೊಟ್ಟ ಮಾತು ಒಂದು ಕಡೆ, ಕಂಡುಕೊಂಡ ಸತ್ಯ ಇನ್ನೊಂದು ಕಡೆ.

ಈ ಇಕ್ಕಟ್ಟನ್ನು ಚಿತ್ರವು ಹೇಗೆ ಬಿಡಿಸಿತು ಎಂಬುದನ್ನು ನೋಡಬೇಕು. ನ್ಯೂರೆಂಬರ್ಗಿನ ಗೆಯೋರ್ಗ್ ಸೆಲರ್ ತಾಮ್ರದಲ್ಲಿ ಕೊರೆದ ಈ ಚಿತ್ರದಲ್ಲಿ ಖಗೋಳದೇವತೆಯ ಮಂಟಪವೊಂದಿದೆ. ಹಿಂಬದಿಯ ಕಂಬಗಳು ಸಿಪ್ಪೆ ತೆಗೆಯದ ಒರಟು ಮರದ ದಿಮ್ಮಿಗಳು. ಅಲ್ಲಿ ಬ್ಯಾಬಿಲೋನಿನ ಪ್ರಾಚೀನನೊಬ್ಬ ಯಾವ ಉಪಕರಣವೂ ಇಲ್ಲದೆ ಬೆರಳುಗಳ ಸಂದಿಯಿಂದ ನಕ್ಷತ್ರವನ್ನು ನೋಡುತ್ತಿದ್ದಾನೆ. ಮುಂದೆ ಬಂದಂತೆ ಇಟ್ಟಿಗೆಯ ಕಂಬಗಳು. ಅವುಗಳ ಬಳಿ ಹಿಪಾರ್ಕಸ್ ಮತ್ತು ಟಾಲೆಮಿ. ಎಲ್ಲಕ್ಕಿಂತ ಮುಂದೆ ಕೊಪರ್ನಿಕಸ್ ಕುಳಿತಿದ್ದಾನೆ, ಟೈಕೊ ನಿಂತು ಅವನೊಡನೆ ವಾದಿಸುತ್ತಿದ್ದಾನೆ. ಟೈಕೊನ ಕಂಬವು ನಯವಾದ ಕೆತ್ತನೆಯದು, ಅದರ ಮೇಲೆ ಅವನ ಅಳತೆಯ ಉಪಕರಣಗಳು ತೂಗುತ್ತಿವೆ. ಅವನು ಮೇಲ್ಛಾವಣಿಯತ್ತ ಕೈ ತೋರುತ್ತಾನೆ. ಅಲ್ಲಿ ಬರೆದಿರುವುದು ಅವನದೇ ವಿಶ್ವವ್ಯವಸ್ಥೆಯ ನಕ್ಷೆ. ಆದರೆ ಅವನ ಬಾಯಿಂದ ಹೊರಡುವುದು ಘೋಷಣೆಯಲ್ಲ, ಹೀಗಿದ್ದರೆ ಹೇಗೆ ಎಂಬ ಪ್ರಶ್ನೆ. ಕೆಪ್ಲರ್ ಗುರುವಿನ ಮತವನ್ನು ಅತ್ಯುನ್ನತ ಸ್ಥಳದಲ್ಲಿಟ್ಟು ಗೌರವಿಸಿದನು. ತನಗೆ ಒಪ್ಪಿಗೆಯಿಲ್ಲದ ಆ ಮತವನ್ನು ಸಿದ್ಧಾಂತವೆನ್ನದೆ ಪ್ರಶ್ನೆಯಾಗಿಯೇ ಉಳಿಸಿದನು.

ಛಾವಣಿಯ ಒಳಮೈಯಲ್ಲಿ ಟೈಕೊನ ನಕ್ಷೆಯಿದ್ದರೆ ಹೊರಮೈಯಲ್ಲಿ ಆರು ದೇವತೆಗಳು ನಿಂತಿದ್ದಾರೆ. ಒಬ್ಬಳ ಬಳಿ ಅಯಸ್ಕಾಂತ, ಒಬ್ಬಳ ಕೈಯಲ್ಲಿ ಸನ್ನೆಗೋಲಿನ ತಕ್ಕಡಿ, ಒಬ್ಬಳು ರೇಖಾಗಣಿತ, ಒಬ್ಬಳ ಕೈಯಲ್ಲಿ ದೂರದರ್ಶಕ. ಇನ್ನೊಬ್ಬಳು ಬೆಳಕು ನೆರಳುಗಳ ಶಾಸ್ತ್ರ. ಮತ್ತೊಬ್ಬಳು ಆಗತಾನೆ ಹುಟ್ಟಿದ ಲಾಗರಿಥಮ್ ಗಣಿತ. ಅವಳ ಪ್ರಭಾವಳಿಯಲ್ಲಿ 6931472 ಎಂಬ ಅಂಕಿಗಳಿವೆ. ಎರಡರ ಸ್ವಾಭಾವಿಕ ಲಾಗರಿಥಮ್ 0.6931472 ಎಂಬುದನ್ನು ಬಲ್ಲವರಿಗೆ ಆ ಪ್ರಭಾವಳಿಯ ಮರ್ಮ ತಿಳಿಯುತ್ತದೆ. ಸೂರ್ಯನಿಂದ ಹೊರಡುವ ಅಯಸ್ಕಾಂತದಂತಹ ಶಕ್ತಿ, ಸನ್ನೆಗೋಲಿನ ನಿಯಮ, ಲಾಗರಿಥಮ್ ಲೆಕ್ಕ ಇವೆಲ್ಲ ಕೆಪ್ಲರನದೇ ವಿಧಾನಗಳು. ಮಂಟಪದ ಒಳಗೆ ನಿಂತ ಟೈಕೊನಿಗೆ ಇವರು ಕಾಣರು. ಹೊರಗಿನಿಂದ ನೋಡುವ ಓದುಗನಿಗೆ ಮಾತ್ರ ಕಾಣುತ್ತಾರೆ.

ಇದೆಲ್ಲ ಇಂದಿನವರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಉಲ್ಮ್ ನಗರದ ಶಾಲೆಯ ಮುಖ್ಯಸ್ಥನಾಗಿದ್ದ ಹೆಬೆನ್‌ಸ್ಟ್ರೈಟ್ ಎಂಬ ವಿದ್ವಾಂಸನು ಈ ಚಿತ್ರವನ್ನು ವಿವರಿಸಿ ಲ್ಯಾಟಿನ್ ಭಾಷೆಯಲ್ಲಿ ಒಂದು ಕಾವ್ಯವನ್ನು ರಚಿಸಿದನು, ಅದು ಗ್ರಂಥದಲ್ಲಿಯೇ ಅಚ್ಚಾಗಿದೆ. ಚಿತ್ರದ ಜೊತೆಗೆ ಕೀಲಿಕೈಯನ್ನೂ ಕೊಟ್ಟ ಮೇಲೆ ಅರ್ಥ ಹೇಳುವವನು ಊಹೆಗಿಂತ ಮೊದಲು ಅದನ್ನು ಕೈಗೆತ್ತಿಕೊಳ್ಳಬೇಕು.

ಈ ಚಿತ್ರದ ಅತ್ಯಂತ ಮಾನವೀಯವಾದ ಭಾಗ ಕೆಳಗಿನ ಪೀಠದಲ್ಲಿದೆ. ಮಂಟಪದ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಅದು ಚಕ್ರವರ್ತಿಯ ಲಾಂಛನ. ಅದರ ಕೊಕ್ಕಿನಿಂದ ನಾಣ್ಯಗಳು ಉದುರುತ್ತಿವೆ. ಪೀಠದ ನಡುವಿನ ಫಲಕದಲ್ಲಿ ಹ್ವೇನ್ ದ್ವೀಪದ ನಕ್ಷೆ, ಒಂದು ಬದಿಯಲ್ಲಿ ಅಚ್ಚಿನ ಯಂತ್ರ. ಇನ್ನೊಂದು ಫಲಕದಲ್ಲಿ ಕೆಪ್ಲರ್ ತಾನೇ ರಾತ್ರಿ ಮೋಂಬತ್ತಿಯ ಬೆಳಕಿನಲ್ಲಿ ಮೇಜಿನ ಮುಂದೆ ಕುಳಿತಿದ್ದಾನೆ. ಮೇಜಿನ ಹೊದಿಕೆಯ ಮೇಲೆಯೇ ಅಂಕಿಗಳನ್ನು ಗೀಚಿದ್ದಾನೆ. ಹದ್ದಿನ ನಾಣ್ಯಗಳಲ್ಲಿ ಅಲ್ಲಿಗೆ ತಲುಪಿದವು ಬೆರಳೆಣಿಕೆಯಷ್ಟು. ಇದು ಅತಿಶಯೋಕ್ತಿಯಲ್ಲ. ಅರಮನೆಯ ಬೊಕ್ಕಸದಿಂದ ಅವನಿಗೆ ಬರಬೇಕಾಗಿದ್ದ ವೇತನದ ಬಾಕಿ ಆರು ಸಾವಿರ ಫ್ಲೋರಿನ್ನುಗಳನ್ನು ಮೀರಿತ್ತು. ಆ ಹಣಕ್ಕಾಗಿ 1624ರಲ್ಲಿ ಅವನು ವಿಯೆನ್ನಾದ ಆಸ್ಥಾನಕ್ಕೆ ಅಲೆದನು. ಆಸ್ಥಾನವು ಬಾಕಿಯನ್ನು ಮೂರು ನಗರಗಳ ತಲೆಗೆ ಕಟ್ಟಿತು. ಮೆಮ್ಮಿಂಗೆನ್ ಮತ್ತು ಕೆಂಪ್ಟೆನ್ ನಗರಗಳಿಂದ ಮುದ್ರಣದ ಕಾಗದ ಬಂತು. ನ್ಯೂರೆಂಬರ್ಗಿನಿಂದ ಬರಬೇಕಾದ ದೊಡ್ಡ ಮೊತ್ತ ಬರಲೇ ಇಲ್ಲ. ಲಿಂಜ್ ನಗರದಲ್ಲಿ ಮುದ್ರಣ ಆರಂಭವಾಗಿ, 1626ರ ರೈತರ ದಂಗೆಯಲ್ಲಿ ಮುತ್ತಿಗೆ ಬಿದ್ದು ಅಚ್ಚುಕೂಟವೇ ಸುಟ್ಟುಹೋಯಿತು. ಆಮೇಲೆಯೇ ಅವನು ಉಲ್ಮ್ ನಗರಕ್ಕೆ ಬಂದದ್ದು. ಚಕ್ರವರ್ತಿಯ ಔದಾರ್ಯವನ್ನು ಸ್ತುತಿಸಲೇಬೇಕಾದ ಚಿತ್ರದಲ್ಲಿ ಅವನು ಹದ್ದನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದನು, ನಾಣ್ಯಗಳು ಎಷ್ಟು ಬಂದವೆಂಬುದನ್ನು ಕೆಳಗೆ ಎಣಿಸಿ ತೋರಿಸಿದನು. ಅವನ ಮೇಜಿನ ಮೇಲೆ ಇನ್ನೊಂದು ವಸ್ತುವಿದೆ: ಮಂಟಪದ ಛಾವಣಿಯ ಪುಟ್ಟ ಮಾದರಿ. ಮೇಲೆ ಹಿರಿಯರೆಲ್ಲ ನಿಂತು ವಾದಿಸುತ್ತಿರುವ ಕಟ್ಟಡದ ಮಾಡನ್ನು ಕಟ್ಟಿದವನು ನೆಲಮಟ್ಟದಲ್ಲಿ ಕುಳಿತಿದ್ದಾನೆ.

ಕೆಪ್ಲರ್ 1630ರ ನವೆಂಬರಿನಲ್ಲಿ ರೆಗೆನ್ಸ್‌ಬರ್ಗಿನಲ್ಲಿ ತೀರಿಕೊಂಡನು. ಬಾಕಿ ಹಣದ ಬೆನ್ನು ಹತ್ತಿಯೇ ಅವನು ಆ ಪ್ರಯಾಣ ಹೊರಟಿದ್ದನು. ಮರುವರ್ಷ ನವೆಂಬರ್ 7ರಂದು, ಅವನ ಲೆಕ್ಕವು ಮುಂತಿಳಿಸಿದ್ದಂತೆ, ಬುಧಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ಪ್ಯಾರಿಸ್ಸಿನಲ್ಲಿ ಗಸ್ಸೆಂಡಿ ಕಂಡನು.

ಇದಾದ ಎರಡು ದಶಕಗಳ ಬಳಿಕ, 1651ರಲ್ಲಿ, ಇಟಲಿಯ ಬೊಲೊನ್ಯ ನಗರದಲ್ಲಿ ಜೆಸ್ಯೂಟ್ ಪಾದ್ರಿ ರಿಚ್ಚಿಯೋಲಿಯ ‘ಅಲ್ಮಜೆಸ್ತಂ ನೋವುಂ’ ಪ್ರಕಟವಾಯಿತು. ಗೆಲಿಲಿಯೋವಿಗೆ ಶಿಕ್ಷೆಯಾಗಿ ಹದಿನೆಂಟು ವರ್ಷಗಳಾಗಿದ್ದವು. ಭೂಮಿಯ ಚಲನೆಯನ್ನು ಸಿದ್ಧಾಂತವೆಂದು ಒಪ್ಪುವ ಸ್ವಾತಂತ್ರ್ಯ ಪಾದ್ರಿಗಳಿಗೆ ಇರಲಿಲ್ಲ. ಫ್ರಾಂಚೆಸ್ಕೊ ಕುರ್ತಿ ಕೊರೆದ ಇದರ ಮುಖಚಿತ್ರವು ಆ ಕಾಲದ ವಾದವಿವಾದವನ್ನೆಲ್ಲ ಒಂದು ತಕ್ಕಡಿಗೆ ಏರಿಸುತ್ತದೆ. ನಕ್ಷತ್ರಖಚಿತ ವಸ್ತ್ರವನ್ನುಟ್ಟ ದೇವಿಯೊಬ್ಬಳು ತಕ್ಕಡಿ ಹಿಡಿದಿದ್ದಾಳೆ. ಒಂದು ತಟ್ಟೆಯಲ್ಲಿ ಕೊಪರ್ನಿಕಸನ ವ್ಯವಸ್ಥೆ, ಇನ್ನೊಂದರಲ್ಲಿ ರಿಚ್ಚಿಯೋಲಿಯದೇ ವ್ಯವಸ್ಥೆ. ಟೈಕೊನ ಮತವನ್ನು ಸ್ವಲ್ಪ ತಿದ್ದಿ, ಗುರು ಶನಿಗಳನ್ನು ಮತ್ತೆ ಭೂಮಿಯ ಸುತ್ತ ತಿರುಗಿಸಿದ್ದು. ತೂಕದಲ್ಲಿ ಕೆಳಗಿಳಿದಿರುವುದು ಎರಡನೆಯ ತಟ್ಟೆ. ಎದುರಿಗೆ ಮೈಯೆಲ್ಲ ಕಣ್ಣಾದ ಆರ್ಗಸ್ ದೂರದರ್ಶಕ ಹಿಡಿದಿದ್ದಾನೆ. ಅಡಿಯಲ್ಲಿ ವೃದ್ಧ ಟಾಲೆಮಿ ಒರಗಿದ್ದಾನೆ, ಅವನ ವ್ಯವಸ್ಥೆ ನೆಲದ ಮೇಲೆ ಬಿದ್ದಿದೆ. ತಿದ್ದಲ್ಪಟ್ಟುದರಿಂದಲೇ ತಾನು ಮೇಲೇಳುತ್ತಿರುವೆನೆಂಬ ಭಾವದ ಮಾತನ್ನು ಅವನ ಬಾಯಲ್ಲಿ ಇಡಲಾಗಿದೆ. ಮೇಲ್ಗಡೆ ದೇವರ ಕೈ. ಸಂಖ್ಯೆ, ಅಳತೆ, ತೂಕ ಎಂಬ ಮೂರು ಮಾತುಗಳು ಅಲ್ಲಿವೆ. ಸುತ್ತಲಿನ ಶಿಶುಗಳ ಕೈಯಲ್ಲಿ ದೂರದರ್ಶಕವು ತೋರಿಸಿಕೊಟ್ಟ ಹೊಸ ಆಕಾಶ: ಕಲೆಗೂಡಿದ ಬುಧ ಶುಕ್ರರು, ಪಟ್ಟಿಗಳುಳ್ಳ ಗುರು, ತಗ್ಗುದಿಣ್ಣೆಗಳ ಚಂದ್ರ. ಗೆಲಿಲಿಯೋ ಕಂಡುಹಿಡಿದುದೆಲ್ಲವೂ ಇಲ್ಲಿದೆ, ಗೆಲಿಲಿಯೋ ಒಬ್ಬನಿಲ್ಲ.

ತಕ್ಕಡಿಯನ್ನು ಕೆತ್ತಿಸಿದವನೇ ಒಂದು ತಟ್ಟೆಯಲ್ಲಿ ಕುಳಿತಿರುವಾಗ ಅದನ್ನು ನ್ಯಾಯವೆನ್ನಬಹುದೇ? ತಟ್ಟೆಗೆ ಏರದೆ ಉಳಿದವರು ಯಾರು ಎಂಬುದನ್ನೂ ಕೇಳಬೇಕು. ಕೆಪ್ಲರನ ದೀರ್ಘವೃತ್ತಗಳು ಆಗಲೇ ಪ್ರಸಿದ್ಧವಾಗಿದ್ದವು. ಅವನ್ನು ಬಿಟ್ಟು, ನೂರು ವರ್ಷ ಹಿಂದಿನ ಕೊಪರ್ನಿಕಸನ ವೃತ್ತಗಳನ್ನು ಎದುರಾಳಿಯ ತಟ್ಟೆಯಲ್ಲಿಟ್ಟರೆ ತೂಕ ಕಡಿಮೆಯಾಗದೆ ಇರದು.

ಚಿತ್ರವನ್ನು ಮಾತ್ರ ನೋಡಿದವರು ರಿಚ್ಚಿಯೋಲಿಯನ್ನು ಇಷ್ಟಕ್ಕೇ ತಿರಸ್ಕರಿಸಿಯಾರು. ಬಹುಕಾಲ ಹಾಗೆಯೇ ಆಯಿತು. ಗ್ರಂಥದ ಪುಟಗಳನ್ನು ತೆರೆದವರಿಗೆ ಬೇರೊಬ್ಬ ಮನುಷ್ಯ ಕಾಣುತ್ತಾನೆ. ಭೂಮಿಯ ಚಲನೆಯ ಪರವಾಗಿ 49, ವಿರುದ್ಧವಾಗಿ 77, ಹೀಗೆ 126 ವಾದಗಳನ್ನು ಅವನು ಒಂದೊಂದಾಗಿ ಎತ್ತಿಕೊಂಡು, ಎರಡೂ ಕಡೆಯ ಸಮಾಧಾನಗಳನ್ನು ಬರೆದಿದ್ದಾನೆ. ತನ್ನ ಪಕ್ಷದ ಅನೇಕ ವಾದಗಳು ನಿಲ್ಲುವುದಿಲ್ಲವೆಂದು ತಾನೇ ಒಪ್ಪಿದ್ದಾನೆ. ಬೊಲೊನ್ಯದ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿ, ಲೋಲಕದ ತೂಗಾಟದಿಂದ ಕಾಲವನ್ನು ಅಳೆದು, ಬೀಳುವ ವಸ್ತುಗಳ ಬಗ್ಗೆ ಗೆಲಿಲಿಯೋ ಹೇಳಿದ ನಿಯಮವನ್ನು ಪರೀಕ್ಷಿಸಿದನು. ಅದು ಸುಳ್ಳಾಗಬಹುದೆಂದು ಎಣಿಸಿದ್ದವನು ಅದು ಸರಿಯೆಂದು ಕಂಡಾಗ, ಆ ಸುದ್ದಿಯನ್ನು ತಿಳಿಸಲು ಅದೇ ನಗರದಲ್ಲಿದ್ದ ಗೆಲಿಲಿಯೋವಿನ ಶಿಷ್ಯ ಕವಾಲಿಯೇರಿಯ ಬಳಿಗೆ ಹೋದನು. ಅವನ ವಿರೋಧಕ್ಕೂ ಕಾರಣಗಳಿದ್ದವು. ಭೂಮಿ ಸೂರ್ಯನನ್ನು ಸುತ್ತುವುದಾದರೆ ವರ್ಷದ ಉದ್ದಕ್ಕೂ ನಕ್ಷತ್ರಗಳು ಸ್ಥಾನ ಬದಲಿಸಿದಂತೆ ಕಾಣಬೇಕು, ಕಾಣುತ್ತಿರಲಿಲ್ಲ. ಅವು ಅಷ್ಟು ದೂರವಿದ್ದರೆ, ದೂರದರ್ಶಕದಲ್ಲಿ ತೋರುವ ಬಿಲ್ಲೆಯ ಲೆಕ್ಕದಂತೆ ಅವುಗಳ ಗಾತ್ರ ನಂಬಲಾರದಷ್ಟು ದೊಡ್ಡದಾಗುತ್ತಿತ್ತು. ಆ ಸ್ಥಾನಪಲ್ಲಟವನ್ನು ಬೆಸೆಲ್ ಅಳೆದದ್ದು 1838ರಲ್ಲಿ. ಬಿಲ್ಲೆಯು ಬೆಳಕಿನ ಬಾಗುವಿಕೆಯಿಂದ ಹುಟ್ಟುವ ತೋರಿಕೆ ಎಂಬುದು ತಿಳಿದದ್ದೂ ಅದೇ ಶತಮಾನದಲ್ಲಿ. ತಕ್ಕಡಿಯಲ್ಲಿ ಹಾಕಿದ ತೂಕಗಳಲ್ಲಿ ಕೆಲವು ನಿಜವಾದ ತೂಕಗಳೇ ಆಗಿದ್ದವು.

ಅದೇ ಗ್ರಂಥದಲ್ಲಿ ಚಂದ್ರನ ನಕ್ಷೆಯೊಂದಿದೆ. ಅದನ್ನು ಬರೆದವನು ರಿಚ್ಚಿಯೋಲಿಯ ಸಹೋದ್ಯೋಗಿ ಗ್ರಿಮಾಲ್ಡಿ, ಹೆಸರುಗಳನ್ನಿಟ್ಟವನು ರಿಚ್ಚಿಯೋಲಿ. ಚಂದ್ರನ ಕುಳಿಗಳಿಗೆ ಖಗೋಳಜ್ಞರ ಹೆಸರುಗಳನ್ನೂ ವಿಶಾಲವಾದ ಕಪ್ಪು ಬಯಲುಗಳಿಗೆ ಸಮುದ್ರಗಳ ಹೆಸರುಗಳನ್ನೂ ಅವನು ಕೊಟ್ಟನು. ಅವನ ಹೆಸರುಗಳಲ್ಲಿ ಬಹುಪಾಲು ಇಂದಿಗೂ ಬಳಕೆಯಲ್ಲಿವೆ. ಭೂಮಿಯನ್ನು ಚಲಿಸುವಂತೆ ಮಾಡಿದ ಕೊಪರ್ನಿಕಸನನ್ನು ಬಿರುಗಾಳಿಗಳ ಮಹಾಸಾಗರಕ್ಕೆ ಎಸೆದಿರುವೆನೆಂದು ಅವನೇ ಹಾಸ್ಯವಾಗಿ ಬರೆದಿದ್ದಾನೆ. ಆದರೆ ಎಸೆಯಲು ಅವನು ಆರಿಸಿದ್ದು ಸುಮಾರು 93 ಕಿಲೋಮೀಟರ್ ಅಗಲದ, ಸುತ್ತಲೂ ಬೆಳ್ಳನೆಯ ಕಿರಣಗಳನ್ನು ಚೆಲ್ಲುವ, ಚಂದ್ರನ ಮೇಲಿನ ಅತ್ಯಂತ ಚೆಲುವಾದ ಕುಳಿಗಳಲ್ಲೊಂದನ್ನು. ಕೆಪ್ಲರನಿಗೂ ಅದರ ಸಮೀಪದಲ್ಲೇ ಹೊಳೆಯುವ ಕುಳಿಯೊಂದು ದೊರೆಯಿತು. ತನಗೂ ಗ್ರಿಮಾಲ್ಡಿಗೂ ರಿಚ್ಚಿಯೋಲಿ ಆರಿಸಿಕೊಂಡ ಕುಳಿಗಳು ಅದೇ ಸಾಗರದ ಪಶ್ಚಿಮ ದಂಡೆಯ ಬಳಿ ಇವೆ. ಇದನ್ನು ಕಂಡು, ಅವನು ಒಳಗೊಳಗೇ ಕೊಪರ್ನಿಕಸನ ಪಕ್ಷದವನಾಗಿದ್ದಿರಬೇಕೆಂದು ಕೆಲವರು ಹೇಳುತ್ತಾರೆ. ಮೂರು ಮೀನುಗಳಲ್ಲಿ ಮೂವರು ರಾಜಕುಮಾರರನ್ನು ಕಂಡವರ ಊಹೆಗಿಂತ ಇದು ಹೆಚ್ಚು ಸ್ನೇಹಪರವಾದ ಊಹೆ, ಅಷ್ಟೆ. ಅವನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಕುಳಿಗಳು ಸಾಕ್ಷಿ ಹೇಳಲಾರವು. ಹುಣ್ಣಿಮೆಯ ರಾತ್ರಿ ಸಾಧಾರಣ ಬೈನಾಕ್ಯುಲರ್ ಹಿಡಿದು ನೋಡಿದರೆ, ತಕ್ಕಡಿಯಲ್ಲಿ ಹಗುರವಾದವನ ಹೆಸರಿನ ಆ ಬಿಳಿಯ ಚುಕ್ಕೆ ಚಂದ್ರಬಿಂಬದ ಎಡಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಿಚ್ಚಿಯೋಲಿಯ ಕುಳಿಯನ್ನು ಬಿಂಬದ ಅಂಚಿನಲ್ಲಿ ಹುಡುಕಬೇಕಾಗುತ್ತದೆ.